ಅಡುಗೆಮನೆಗೆ ಕಟ್ಟಿದ ನೂಲು

ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ, ಪ್ರತಿ ಸಲವೂ ಹಾಗೇ ಬಿಟ್ಟಿದ್ದೇನೆ. ಅದರಲ್ಲಿ ನನ್ನ ಅತ್ತೆ ದೇವರ ಕೋಣೆಯಲ್ಲಿ ಕುಳಿತಿದ್ದಾರೆ. ಮೊಣಕಾಲು ಮಡಚಲು ಬರುವುದಿಲ್ಲವೆಂದು ನನ್ನ ಗಂಡ ಗರಗಸದಿಂದ ಗಿಡ್ಡ ಮಾಡಿಕೊಟ್ಟ ಹಳೆಯ ಮರದ ಕುರ್ಚಿ, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ರುದ್ರಾಕ್ಷಿಯ ಸರ, ಅರೆಮುಚ್ಚಿದ ಕಣ್ಣು. ನೋಡಿದವರು ಕೈಮುಗಿಯಬೇಕು, ಹಾಗಿದೆ. ನಾನೂ ಮುಗಿದೆ. ಆ ಹೊತ್ತಿಗೆ ಅವರ ಮೈಯಲ್ಲಿ ಸಕ್ಕರೆ ಇಳಿದು ತಳ ಮುಟ್ಟುತ್ತಾ ಬಂದಿತ್ತು.

ನಾನು ಗಡಹಿಂಗ್ಲಜದವಳು. ಅಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಇಚಲಕರಂಜಿಗೆ ಸೊಸೆಯಾಗಿ ಬಂದೆ. ಗ್ಲುಕೋಸಿನ ಸೂತ್ರವನ್ನು ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಅಂಥವಳು ಗ್ಲುಕೋಸ್ ಇಲ್ಲದೆ ಮುಳುಗುತ್ತಿದ್ದ ಮುಖವನ್ನು ಎದುರಿಗೆ ನೋಡಿ, ಆಹಾ ಎಂಥ ಧ್ಯಾನ ಅಂದುಕೊಂಡೆ. ಅದಕ್ಕೇ ಆ ಫೋಟೋ ಅಳಿಸಲಾಗುವುದಿಲ್ಲ.

ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಬೆಳಗಿನಿಂದ ಅಲ್ಲಿ ಮಗ್ಗಗಳು ಬಡಿಯುತ್ತಿದ್ದರೆ ಇಲ್ಲಿ ಪಾತ್ರೆ ಇಡುವ ಹಲಗೆ ನಡುಗುತ್ತಿರುತ್ತದೆ. ಮದುವೆಯಾದ ಹೊಸದರಲ್ಲಿ ತಲೆ ಸಿಡಿಯುತ್ತಿತ್ತು, ಈಗ ಆ ಸದ್ದಿಲ್ಲದಿದ್ದರೆ ಏನೋ ಕಳೆದುಕೊಂಡಂತಾಗುತ್ತದೆ. ನನ್ನ ಅತ್ತೆ ಇದೇ ಶೆಡ್ಡಿನಲ್ಲಿ ನಲವತ್ತು ವರ್ಷ ಕಾಂಡಿ ತುಂಬಿದವರು. ಧೋಟೆ, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ಆ ಪುಟ್ಟ ಕೋಲಿಗೆ ನೂಲು ಸುತ್ತುವ ಕೆಲಸ ಅದು. ಈಗ ಅವರಿಗೆ ಎಂಬತ್ತು ದಾಟಿದೆ. ಕುಪ್ಪಸದ ಗುಂಡಿ ಹಾಕಲು ಬೆರಳು ಬಗ್ಗುವುದಿಲ್ಲ, ಚಹಾದ ಬಸಿ ಎರಡು ಕೈಯಲ್ಲಿ ಹಿಡಿದರೂ ಕುಣಿಯುತ್ತದೆ. ಆದರೆ ನಾಲಗೆ ಮಾತ್ರ ಹೊಸ ಸೂಜಿಯ ಹಾಗಿದೆ.

ಅವರನ್ನು ನೋಡಿಕೊಳ್ಳುವುದು ಸುಲಭ ಎಂದು ಹೇಳಿದರೆ ಸುಳ್ಳಾಗುತ್ತದೆ. ಸ್ನಾನ ಮಾಡಿಸಬೇಕು, ಉಗುರು ತೆಗೆಯಬೇಕು, ಮಾತ್ರೆ ನುಂಗಿದಂತೆ ಮಾಡಿ ದಿಂಬಿನ ಕೆಳಗೆ ಸೇರಿಸಿದ್ದನ್ನು ಹುಡುಕಬೇಕು. ತವರಿಗೆ ಹೋದರೂ ಬೆಳಿಗ್ಗೆ ಗಡಹಿಂಗ್ಲಜದ ಬಸ್ಸು ಹತ್ತಿ ಸಂಜೆಯೊಳಗೆ ಮನೆಗೆ ಮರಳಬೇಕು. ಆದರೆ ಅವರ ಜೊತೆ ಕಳೆದ ದಿನಗಳಲ್ಲಿ ನಾನು ನಕ್ಕಷ್ಟು ನನ್ನ ಓರಗೆಯ ಯಾವ ಗೆಳತಿಯೂ ತನ್ನ ಮನೆಯಲ್ಲಿ ನಕ್ಕಿರಲಾರಳು. ಸಕ್ಕರೆಯ ಡಬ್ಬಿಯ ವಿಷಯವೊಂದೇ ಸಾಕು. ಅವರು ಕದಿಯುತ್ತಿದ್ದರು, ನಾನು ಬಚ್ಚಿಡುತ್ತಿದ್ದೆ. ಅಕ್ಕಿಯ ಡ್ರಮ್ಮಿನ ಹಿಂದೆ, ಕುಕ್ಕರಿನೊಳಗೆ, ಜೋಳದ ಹಿಟ್ಟಿನ ಡಬ್ಬಿಯ ಬೆನ್ನಿಗೆ. ಎಲ್ಲಿಟ್ಟರೂ ವಾರದೊಳಗೆ ಹುಡುಕಿ, ಮುಚ್ಚಳ ಅರ್ಧ ತಿರುವಿ ಬಿಟ್ಟಿರುತ್ತಿದ್ದರು. ತಾನು ಬಂದು ಹೋದದ್ದು ನನಗೆ ಗೊತ್ತಾಗಬೇಕಲ್ಲ.

ಅವರು ಒಂದೇ ಒಂದು ವಿಷಯದಲ್ಲಿ ಯಾರ ಮಾತೂ ಕೇಳುವವರಲ್ಲ. ಲಿಂಗಪೂಜೆಯಾಗದೆ ಬಾಯಿಗೆ ಗುಟುಕು ನೀರನ್ನೂ ಹಾಕುವುದಿಲ್ಲ. ಹುಡುಗಿಯಾಗಿದ್ದಾಗ ದೀಕ್ಷೆ ತೆಗೆದುಕೊಂಡ ದಿನದಿಂದ ಇದು ತಪ್ಪಿಲ್ಲವಂತೆ. ಇಪ್ಪತ್ತು ನಿಮಿಷದ ಮೂಕ ಪೂಜೆ. ತುಟಿ ಅಲುಗುವುದಿಲ್ಲ, ಯಾರೂ ಮಾತಾಡಿಸುವಂತಿಲ್ಲ. ಇಡೀ ದಿನದಲ್ಲಿ ತನ್ನದು ಅಂತ ಉಳಿದಿರುವ ಹೊತ್ತು ಅದೊಂದೇ ಎಂದು ಅವರೇ ಒಮ್ಮೆ ಹೇಳಿದ್ದರು. ಮೈ ತೊಳೆಯುವವರು, ಉಣಿಸುವವರು, ಎಬ್ಬಿಸುವವರು ಬೇರೆಯವರಾದ ಮೇಲೆ ಅದರ ಬೆಲೆ ಹೆಚ್ಚಾಗಿತ್ತು.

ಇನ್ಸುಲಿನ್ ಸೂಜಿ ಶುರುವಾದಾಗ ನಾನು ಲೆಕ್ಕ ಹಾಕಿದೆ. ಏಳಕ್ಕೆ ಸೂಜಿ, ಕೂಡಲೇ ಪೂಜೆ, ಏಳೂವರೆಯೊಳಗೆ ರೊಟ್ಟಿ. ಸೂಜಿಗೂ ಊಟಕ್ಕೂ ನಡುವೆ ಡಾಕ್ಟರು ಹೇಳಿದ ಅರ್ಧ ಗಂಟೆಗೂ ಅತ್ತೆಯ ಪೂಜೆಗೂ ಸರಿಯಾಗಿ ಕೂಡಿತು. ಮೂರು ವರ್ಷ ಒಂದು ದಿನವೂ ತಪ್ಪದೆ ನಡೆಯಿತು. ತಪ್ಪಿದ್ದು ಶ್ರಾವಣದ ಒಂದು ಸೋಮವಾರ.

ಅವತ್ತು ಹಿಂದಿನ ದಿನದಿಂದ ಮಳೆ ಹಿಡಿದುಕೊಂಡಿತ್ತು. ಬಿಲ್ವಪತ್ರೆ ತಂದುಕೊಡುವ ಹೂವಿನಾಕೆ ಬಂದಿರಲಿಲ್ಲ. ಏಳಾಯಿತು, ನಾನು ಗಡಿಯಾರ ನೋಡಿ ಸೂಜಿ ಹಾಕಿದೆ. ಪತ್ರೆಯಿಲ್ಲದೆ ಶ್ರಾವಣ ಸೋಮವಾರದ ಪೂಜೆ ಹೇಗೆ ಎಂದು ಅತ್ತೆ ಬಾಗಿಲ ಕಡೆ ನೋಡುತ್ತಾ ಕುಳಿತರು. ಆಗ ನನಗೆ ಹೊಳೆಯಬೇಕಿತ್ತು. ಸೂಜಿಗೆ ಪತ್ರೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲ, ಅದು ತನ್ನ ಕೆಲಸ ಶುರು ಮಾಡಿಬಿಟ್ಟಿರುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ರೊಟ್ಟಿಯ ಹಿಟ್ಟು ಮಾತ್ರ. ಹೂವಿನಾಕೆ ಕೊಡೆ ಝಾಡಿಸುತ್ತಾ ಬಂದಾಗ ಎಂಟಕ್ಕೆ ಹತ್ತು ನಿಮಿಷ ಇತ್ತು. ಸೋಮವಾರವೆಂದು ಅತ್ತೆ ಎರಡು ಸರ ಜಪ ಹೆಚ್ಚಿಗೆ ಹಿಡಿದರು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕಾಕು ಹೆಪ್ಪಿಗೆ ಮೊಸರು ಕೇಳಲು ಬಂದರು. ಮರಾಠಿಯವರು, ಅತ್ತೆಯ ಹಳೆಯ ಗೆಳತಿ. ದೇವರ ಕೋಣೆಗೆ ಇಣುಕಿ ಅಲ್ಲೇ ನಿಂತು ಕೈಮುಗಿದರು. “ಕಿತೀ ಶಾಂತ ಬಸಲ್ಯಾತ ಗಂ,” ಅಂದರು. ಎಷ್ಟು ಶಾಂತವಾಗಿ ಕುಳಿತಿದ್ದಾರೆ ಎಂಬ ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು, ಆ ಶಾಂತಿಯಲ್ಲಿ ನನ್ನ ಪಾಲೂ ಇದೆ ಎನ್ನುವಂತೆ. ಫೋಟೋ ತೆಗೆದೆ.

ತೆಗೆದು ಕೊಲ್ಹಾಪುರದಲ್ಲಿರುವ ನಾದಿನಿಗೆ ಕಳಿಸಿದೆ. ಅದರ ಹಿಂದೆ ಒಂದು ಸಣ್ಣತನವಿತ್ತು, ಬರೆದೇ ಬಿಡುತ್ತೇನೆ. ಹೋದ ತಿಂಗಳು ಬಂದಿದ್ದಾಗ ನಾದಿನಿ ಅವ್ವ ಸೊರಗಿದ್ದಾಳೆ, ಸೀರೆ ಬಣ್ಣಗೆಟ್ಟಿದೆ, ತಲೆ ಎಣ್ಣೆ ಕಂಡು ಎಷ್ಟು ದಿನವಾಯಿತು ಎಂದು ಒಂದೊಂದೇ ಎತ್ತಿ ತೋರಿಸಿ ಹೋಗಿದ್ದಳು. ನೋಡು ನಿನ್ನ ಅವ್ವ ನನ್ನ ಕೈಯಲ್ಲಿ ಹೇಗಿದ್ದಾಳೆ ಎಂದು ತೋರಿಸಬೇಕಿತ್ತು. ಫೋಟೋದ ಕೆಳಗೆ ಎರಡು ಕೈಮುಗಿದ ಚಿಹ್ನೆಯನ್ನೂ ಹಾಕಿದೆ.

ಆಮೇಲೆ ರೊಟ್ಟಿ ಬಡಿಯಲು ಕುಳಿತೆ. ಗೋಡೆಯಾಚೆ ಮಗ್ಗ, ಈಚೆ ರೊಟ್ಟಿ. ಫೋನ್ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಬಡಿದುಕೊಳ್ಳುತ್ತಿದ್ದದ್ದು ಕೇಳಲಿಲ್ಲ. ಬೆಳಕು ಮಿನುಗಿದ್ದು ಕಂಡು ಎತ್ತಿದಾಗ ಅದು ನಾಲ್ಕನೆಯ ಕರೆ. ಹೊಗಳಿಕೆ ಬಂತೆಂದು ಮುಖದಲ್ಲಿ ನಗೆಯನ್ನೂ ಸಿದ್ಧಮಾಡಿಕೊಂಡು ಎತ್ತಿದೆ.

“ವೈನಿ, ಅವ್ವನ ಅಂಗೈ ವಾರಿ ಆಗೇತಿ,” ಅಂದಳು ನಾದಿನಿ. “ಫೋನ್ ಇಡಬ್ಯಾಡ್ರಿ. ಹಾಂಗ ಹಿಡಕೊಂಡು ಓಡ್ರಿ.”

ಅವಳು ನೋಡಿದ್ದು ಮುಖವನ್ನಲ್ಲ, ಅಂಗೈಯನ್ನು. ಲಿಂಗ ಹಿಡಿದ ಎಡ ಅಂಗೈ ತಕ್ಕಡಿಯ ತಟ್ಟೆಯ ಹಾಗೆ ಸಮನಾಗಿರಬೇಕು. ಅವಳು ಸಣ್ಣವಳಿದ್ದಾಗ ಚಂದಗಡದ ಬಸ್ಸಿನಲ್ಲಿ ಹೊತ್ತು ಮೀರುತ್ತದೆಂದು ಅತ್ತೆ ಕುಳಿತಲ್ಲೇ ಪೂಜೆ ಮಾಡಿದ್ದರಂತೆ. ಘಾಟಿನ ತಿರುವಿನಲ್ಲಿ ಬಸ್ಸಿನ ಜನರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರೂ ಆ ಅಂಗೈ ಮಾತ್ರ ಅಲುಗಿರಲಿಲ್ಲವಂತೆ. ಫೋಟೋದಲ್ಲಿ ಆ ಅಂಗೈ ಕಿರುಬೆರಳಿನ ಕಡೆಗೆ ಬಾಗಿತ್ತು. ಲಿಂಗ ಜಾರಿ ಕಿರುಬೆರಳಿಗೆ ತಗುಲಿ ನಿಂತಿತ್ತು. ಮೂರಡಿ ದೂರದಲ್ಲಿ ನಿಂತ ನನಗೆ ಕಾಣದ್ದು ಕೊಲ್ಹಾಪುರದಲ್ಲಿದ್ದ ಮಗಳಿಗೆ ಕಂಡಿತು.

ಓಡಿದೆ. ಅತ್ತೆಯ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. ಮಳೆಗಾಲದ ಬೆಳಗ್ಗೆ, ಫ್ಯಾನೂ ಹಾಕದ ಕೋಣೆ. ಕೈ ಮುಟ್ಟಿದರೆ ತಣ್ಣಗೆ, ತೊಯ್ದ ಬಟ್ಟೆಯ ಹಾಗೆ. ಕರೆದರೆ ಕಣ್ಣು ತೆರೆದರು, ಆದರೆ ಆ ಕಣ್ಣಲ್ಲಿ ನಾನಿರಲಿಲ್ಲ. ಅಡುಗೆಮನೆಗೆ ಹಿಂದಿರುಗಿ ಓಡಿ ಸಕ್ಕರೆ ಹುಡುಕಿದೆ. ಇದು ನನ್ನ ಕನಸಿನಲ್ಲಿ ಈಗಲೂ ಬರುವ ಭಾಗ. ಅಕ್ಕಿಯ ಡ್ರಮ್ಮಿನ ಹಿಂದೆ ಇರಲಿಲ್ಲ, ಕುಕ್ಕರಿನಲ್ಲಿ ಇರಲಿಲ್ಲ. ಅವರಿಗೆ ಸಿಗಬಾರದೆಂದು ನಾನೇ ಬಚ್ಚಿಟ್ಟ ಡಬ್ಬಿ ಅವರಿಗಾಗಿ ಹುಡುಕುವಾಗ ನನಗೆ ಸಿಗಲಿಲ್ಲ. ಕೊನೆಗೆ ಜೋಳದ ಹಿಟ್ಟಿನ ಡಬ್ಬಿಯ ಬೆನ್ನಿಗೆ ಸಿಕ್ಕಿತು, ಮುಚ್ಚಳ ಅರ್ಧ ತಿರುವಿತ್ತು.

ಬಟ್ಟಲಲ್ಲಿ ಕರಗಿಸಿ ಬಾಯಿಗೆ ಹಿಡಿದೆ. ಅತ್ತೆ ಹಲ್ಲು ಕಚ್ಚಿದರು. ಬುದ್ಧಿ ಎಲ್ಲಿಗೋ ಹೋಗಿತ್ತು, ನೇಮ ಮಾತ್ರ ಹೋಗಿರಲಿಲ್ಲ. “ಪೂಜಿ ಆಗಿಲ್ಲ,” ಅಂದರು, ಎಲ್ಲೋ ಬಾವಿಯೊಳಗಿನಿಂದ. ಫೋನಿನಲ್ಲಿ ನಾದಿನಿಗೆ ಅದು ಕೇಳಿಸಿತು.

“ಲಿಂಗದ ಮ್ಯಾಲೆ ಹಾಕ್ರಿ ವೈನಿ. ತೀರ್ಥ ಅಂತ ಹೇಳ್ರಿ. ತೀರ್ಥಕ್ಕ ಅಕಿ ಒಲ್ಲೆ ಅನ್ನಂಗಿಲ್ಲ.”

ಅವರ ವಾರೆಯಾದ ಅಂಗೈಯನ್ನು ನನ್ನ ಅಂಗೈಯಿಂದ ಕೆಳಗಿನಿಂದ ಎತ್ತಿ ಸಮಮಾಡಿ ಹಿಡಿದೆ. ಸಕ್ಕರೆ ನೀರನ್ನು ಚಮಚದಿಂದ ಲಿಂಗದ ಮೇಲೆ ಬಿಟ್ಟೆ. ಅಂಗೈಯಲ್ಲಿ ನಿಂತ ನೀರನ್ನು ಚಮಚದಲ್ಲಿ ತೆಗೆದು, ತೀರ್ಥ ಅತ್ಯಾರ, ತೀರ್ಥ ಅಂದೆ. ತುಟಿ ತೆರೆಯಿತು. ನುಂಗಿದರೆ ಮಾತ್ರ ಮುಂದಿನದು ಎಂದು ಡಾಕ್ಟರು ಮೊದಲೇ ಹೇಳಿಟ್ಟಿದ್ದರು, ಗಂಟಲು ನೋಡುತ್ತಾ ಒಂದೊಂದೇ ಚಮಚ ಕೊಟ್ಟೆ. ಇನ್ನೂ ನಡುಮನೆಯಲ್ಲಿದ್ದ ಕಾಕು ಶೆಡ್ಡಿಗೆ ಓಡಿ ನನ್ನ ಗಂಡನನ್ನು ಕರೆತಂದರು. ತಲೆಯ ತುಂಬ ಹತ್ತಿಯ ತುಪ್ಪಳ, ಅವರು ಬರುವಾಗ ಮಗ್ಗಗಳನ್ನೆಲ್ಲ ನಿಲ್ಲಿಸಿ ಬಂದಿದ್ದರು. ಮನೆ ಒಮ್ಮೆಲೇ ಮೌನವಾಯಿತು. ಆ ಮೌನದಲ್ಲಿ ಮಳೆಯ ಸದ್ದು ನನಗೆ ಕೇಳಿದ್ದು ಅವತ್ತು ಆಗಲೇ ಮೊದಲು. ಮೂವರೂ ಅತ್ತೆಯ ಮುಖ ನೋಡುತ್ತಾ ಕುಳಿತೆವು, ನಾಲ್ಕನೆಯವಳು ಫೋನಿನೊಳಗಿದ್ದಳು.

ಎಷ್ಟು ಹೊತ್ತೋ, ಕಾಲು ಗಂಟೆ ಇರಬಹುದು. ಅತ್ತೆಯ ಹುಬ್ಬು ಗಂಟಾಯಿತು. ಮಗ್ಗದ ಗೋಡೆಯ ಕಡೆ ನೋಡಿದರು, ಮಗನ ಕಡೆ ನೋಡಿದರು.

“ಮಾಗ ಯಾಕ ನಿಂತಾವ?” ಅಂದರು. “ಕರೆಂಟ್ ಹೋತೇನು?”

ನಾನು ಅವರ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಫೋನಿನಲ್ಲಿ ನಾದಿನಿಯೂ ಅಳುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಕೇಳಿಸುವಂತೆ ಅತ್ತದ್ದು ನಮ್ಮ ಸಂಬಂಧದಲ್ಲಿ ಅದೇ ಮೊದಲು.

ಅದೇ ದಿನ ಡಾಕ್ಟರ ಬಳಿ ಕರೆದೊಯ್ದು ತೋರಿಸಿಕೊಂಡು ಬಂದೆವು. ಸಕ್ಕರೆ ನೀರಿನ ವಿಷಯ ಅತ್ತೆಗೆ ಹೇಳಬಾರದೆಂದು ಮನೆಯವರೆಲ್ಲ ಒಪ್ಪಿಕೊಂಡೆವು, ಪೂಜೆಗೆ ಮೋಸ ಮಾಡಿದಿರಿ ಅಂತ ಊಟ ಬಿಟ್ಟರೆ ಏನು ಗತಿ. ಆದರೆ ಗಾಬರಿಯಲ್ಲಿ ಲಿಂಗವನ್ನು ತೊಳೆಯದೆ ಬೆಳ್ಳಿಯ ಕರಡಿಗೆಯೊಳಗೆ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಅತ್ತೆ ಕರಡಿಗೆ ಬಿಚ್ಚಿದರೆ ಒಳಗೆ ಸಾಲುಗಟ್ಟಿದ ಇರುವೆ.

“ನನ್ನ ಶಿವಗ ಸಕ್ಕರಿ ತಿನಿಸಿದವರು ಯಾರು?” ಎಂದು ಕೇಳಿದರು.

ಎಲ್ಲ ಹೇಳಿದೆ. ಸೂಜಿ, ಪತ್ರೆ, ಫೋಟೋ, ಅಂಗೈ, ತೀರ್ಥ. ಅವರು ಒಂದೊಂದೇ ಇರುವೆಯನ್ನು ಊದಿ ಹಾರಿಸುತ್ತಾ ಕೇಳಿಸಿಕೊಂಡರು.

“ಎಷ್ಟು ಚಮಚ ಹಾಕಿದ್ದಿ?”

“ಮೂರು, ಅತ್ಯಾರ.”

“ನನ್ನ ಚಾಕ್ಕ ಅರ್ಧಾನೂ ಹಾಕೂದಿಲ್ಲ. ದೇವರಿಗೆ ಮೂರು.”

ಅಷ್ಟೇ. ಮೋಸದ ಮಾತು ಮತ್ತೆ ಬರಲಿಲ್ಲ. ಜಗಳವಾದದ್ದು ಬೇರೆ ಕಾರಣಕ್ಕೆ. ಇನ್ನು ಮುಂದೆ ಮೊದಲು ಊಟ, ಆಮೇಲೆ ಪೂಜೆ ಎಂದು ಮಗ ತೀರ್ಮಾನ ಹೇಳಿದರು. ಅತ್ತೆ ದನಿ ಎತ್ತಲಿಲ್ಲ. “ಹಂಗಾರ ಸೂಜಿ ಬ್ಯಾಡ,” ಅಂದರು. “ಸೂಜಿ ನಿನ್ನೆ ಮೊನ್ನೆ ಬಂದದ್ದು. ಪೂಜಿ ನನ್ನ ಸಂಗಾಟ ಬಂದೈತಿ.” ಮರುದಿನ ಸೂಜಿ ಹಿಡಿದು ಹೋದರೆ ಸೆರಗು ಬಿಗಿದು ಸುತ್ತಿಕೊಂಡು ಕುಳಿತಿದ್ದರು. ಅವರು ಹಟಕ್ಕೆ ಹೇಳುತ್ತಿಲ್ಲ, ಎರಡರಲ್ಲಿ ಒಂದನ್ನು ಬಿಡುವುದಾದರೆ ಯಾವುದನ್ನು ಬಿಡುತ್ತಾರೆಂಬುದು ನನಗೆ ಸ್ಪಷ್ಟವಾಗಿ ಕಂಡಿತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, ಇದಕ್ಕೆ ಯಾಕಿಷ್ಟು ತಲೆಕೆಡಿಸಿಕೊಂಡಿದ್ದೀರಿ, ಪೂಜೆ ಮುಗಿದ ಮೇಲೆ ಸೂಜಿ ಹಾಕಿ, ತಾಟು ತಯಾರಿರಲಿ ಅಂದರು. ಹಾಗೆ ಮಾಡಬಹುದೇ ಎಂದು ಮೂರು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಗಡಿಯಾರಕ್ಕೆ ಪೂಜೆಯನ್ನು ಹೊಂದಿಸಿದ್ದೆನೇ ಹೊರತು ಪೂಜೆಗೆ ಗಡಿಯಾರವನ್ನು ಹೊಂದಿಸುವ ಯೋಚನೆ ಬಂದಿರಲಿಲ್ಲ.

ಸೂಜಿಯ ಜಗಳ ಮುಗಿಯಿತು, ನನ್ನ ಭಯ ಮುಗಿಯಲಿಲ್ಲ. ಪೂಜೆಯ ಹೊತ್ತಿಗೆ ಇನ್ನೂ ಸೂಜಿ ಹಾಕಿರುವುದಿಲ್ಲವೆಂದು ಗೊತ್ತಿದ್ದರೂ ಅತ್ತೆ ಕುಳಿತರೆ ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ರೊಟ್ಟಿ ಹಂಚಿಗೆ ಹಾಕುವುದು, ಓಡಿ ಹೋಗಿ ಅಂಗೈ ನೋಡುವುದು, ಬಂದು ರೊಟ್ಟಿ ತಿರುವುವುದು, ಮತ್ತೆ ಓಡುವುದು. ನೋಡಿದರೂ ಸಮಾಧಾನವಿಲ್ಲ, ಅವತ್ತೂ ನೋಡಿಯೇ ಮೋಸಹೋಗಿದ್ದೆನಲ್ಲ. ಮಾತಾಡಿಸಿದರೇ ಗೊತ್ತಾಗುವುದು. “ಅತ್ಯಾರ, ಎಚ್ಚರದಾಗ ಅದೀರೇನು?” ಎಂದು ಇಪ್ಪತ್ತು ನಿಮಿಷದಲ್ಲಿ ಹತ್ತು ಸಲ ಕೇಳುತ್ತಿದ್ದೆ.

ನಾಲ್ಕು ದಿನ ತಡೆದುಕೊಂಡರು. ಐದನೆಯ ದಿನ ಕಣ್ಣು ಮುಚ್ಚಿಕೊಂಡೇ, “ಇಲ್ಲ, ಸತ್ತೇನಿ. ರೊಟ್ಟಿ ಮಾಡ ಹೋಗು,” ಅಂದರು.

ನಗು ಬಂತು, ಹಿಂದೆಯೇ ಅಳುವೂ ಬಂತು. ಅವರಿಗೆ ಉಳಿದಿದ್ದ ಒಂದೇ ಹೊತ್ತನ್ನು ನಾನು ಚೂರು ಚೂರು ಮಾಡುತ್ತಿದ್ದೆ. ಸುಮ್ಮನಿದ್ದರೆ ಅವರನ್ನು ಕಳೆದುಕೊಳ್ಳುವ ಭಯ, ಸುಮ್ಮನಿರದಿದ್ದರೆ ಅವರು ಪೂಜೆ ಕಳೆದುಕೊಳ್ಳುತ್ತಾರೆ. ಜೋರಾಗಿ ಜಪ ಮಾಡಿ ಅಂದರೆ ಮಗ್ಗದ ಸದ್ದಿನಲ್ಲಿ ಅಡುಗೆಮನೆಗೆ ಕೇಳುವುದಿಲ್ಲ. ಊಟಕ್ಕೆ ಕುಳಿತಾಗ ಇದನ್ನೆಲ್ಲ ಅವರಿಗೇ ಹೇಳಿದೆ. ರಾತ್ರಿಯೆಲ್ಲ ಆ ಅಂಗೈ ಕಣ್ಣಿಗೆ ಕಟ್ಟುತ್ತದೆ ಎಂದೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಹೆದರಿದವಳು ಅವರಲ್ಲ, ನಾನು ಎಂಬುದು ಅವರಿಗೆ ಆಗ ತಿಳಿಯಿತೇನೋ.

ಮಧ್ಯಾಹ್ನ ಶೆಡ್ಡಿನಿಂದ ಒಂದು ನೂಲಿನ ಕೋನು ತರಿಸಿಕೊಂಡರು. ದೇವರ ಕೋಣೆಯ ಬಾಗಿಲ ಮೇಲೆ ಒಂದು ಮೊಳೆ, ನಡುಮನೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ನಾಲ್ಕು ಎಳೆ ಹೊಸೆದ ನೂಲು ಅವುಗಳ ಮೇಲೆ ಹಾದು ಬಂದು, ತುದಿಗೆ ಒಂದು ಸ್ಟೀಲಿನ ಮುಚ್ಚಳ. ಮುಚ್ಚಳದ ಪಕ್ಕ ಒಂದು ಚಮಚ. ಅತ್ತೆ ಅತ್ತಲಿಂದ ಎಳೆದರೆ ಇತ್ತ ಮುಚ್ಚಳ ಚಮಚಕ್ಕೆ ಬಡಿದು ಟಣ್ ಎನ್ನುತ್ತದೆ. ಮಗ್ಗದ ಸದ್ದು ಎಷ್ಟಿದ್ದರೂ ಆ ತೆಳು ಸದ್ದು ಅದರ ಮೇಲೆ ತೇಲಿ ಬರುತ್ತದೆ, ನಲವತ್ತು ವರ್ಷ ಶೆಡ್ಡಿನಲ್ಲಿ ಕುಳಿತವರಿಗೆ ಅದು ಗೊತ್ತು.

“ನೂಲು ಹರದ್ರ ಮಾಗ ತಾನ ನಿಂದರತೈತಿ,” ಅಂದರು. “ಯಾರರ ಮುಂದ ಕುಂತು, ಎಚ್ಚರದಾಗ ಅದೀಯೇನು ಅಂತ ಅದನ್ನ ಕೇಳ್ತಾರೇನು? ಒಂದು ಸರ ಮುಗದ್ರ ಒಂದ ಸಲ ಜಗ್ಗತೇನಿ. ಸದ್ದು ಬರಲಿಲ್ಲಂದ್ರ ಬಾ. ಬಂದ್ರ ಸುಮ್ನ ಕುಂತಿರು.”

ಪೂಜೆಯಲ್ಲಿ ತುಟಿಯನ್ನೂ ಅಲುಗಿಸದ ಹೆಂಗಸು ಪ್ರತಿ ಸರಕ್ಕೊಮ್ಮೆ ನನಗಾಗಿ ನೂಲು ಎಳೆಯಲು ಒಪ್ಪಿದರು. ಮೊದಲ ದಿನ ಮೊದಲ ಟಣ್ ಕೇಳಿದಾಗ ನಾನು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ನಿಂತೆ.

ಆಮೇಲೆ ಆ ನೂಲು ಪೂಜೆಯ ಹೊತ್ತನ್ನು ದಾಟಿ ಇಡೀ ದಿನಕ್ಕೆ ಹಬ್ಬಿತು. ಎರಡು ಸಲ ಎಳೆದರೆ ಚಹಾ. ಮೂರು ಸಲ ಎಳೆದರೆ ಟಿವಿಯಲ್ಲಿ ಮರಾಠಿ ಧಾರಾವಾಹಿ ಶುರುವಾಗಿದೆ, ಬಾ. ಬಿಡದೆ ಎಳೆದರೆ ಕಾಕು ಬಂದಿದ್ದಾರೆ, ಏನಾದರೂ ಕರಿದದ್ದು ಇದ್ದರೆ ತಾ, ನನಗೂ ಒಂದು. ದೀಪಾವಳಿಗೆ ಬಂದ ನಾದಿನಿ ಇದನ್ನೆಲ್ಲ ನೋಡಿ, ವೈನಿ, ನಮ್ಮವ್ವ ನಿಮ್ಮನ್ನ ದಾರ ಕಟ್ಟಿ ಕುಣಸಾಕತ್ತಾಳ ಎಂದು ನಕ್ಕಳು. ಈ ಸಲ ಸೀರೆಯ ಬಣ್ಣದ ಮಾತು ಎತ್ತಲಿಲ್ಲ. ಹೋಗುವಾಗ, ದಿನಾ ಒಂದು ಫೋಟೋ ಕಳಸ್ರಿ, ಅಂಗೈ ಕಾಣೂಹಾಂಗ ಅಂದಳು. ಕಳಿಸುತ್ತೇನೆ. ಗಡಹಿಂಗ್ಲಜದಲ್ಲಿ ನಾನು ಈಚೆಗೆ ಎರಡು ರಾತ್ರಿ ಉಳಿದು ಬಂದದ್ದೂ ಅವಳು ಬಂದು ಮುಚ್ಚಳದ ಪಕ್ಕ ಕುಳಿತದ್ದರಿಂದಲೇ.

ಮೊನ್ನೆ ಬೆಳಿಗ್ಗೆ ಎರಡು ಟಣ್ ಕೇಳಿತು, ಮೂರನೆಯದು ಬರಲಿಲ್ಲ. ಕಾದೆ. ಬರಲಿಲ್ಲ. ಆ ಸೋಮವಾರ ಪೂರ್ತಿಯಾಗಿ ನನ್ನೊಳಗೆ ಎದ್ದು ನಿಂತಿತು, ಬೆವರು, ಬಾವಿಯೊಳಗಿನ ದನಿ, ಸಿಗದ ಡಬ್ಬಿ. ರೊಟ್ಟಿಯನ್ನು ಹಂಚಿನಲ್ಲೇ ಬಿಟ್ಟು, ಸಕ್ಕರೆ ಡಬ್ಬಿ ಹಿಡಿದು ಓಡಿದೆ. ಅದು ಈಗ ಎದುರಿಗೇ ಇರುತ್ತದೆ, ಬಚ್ಚಿಡುವುದನ್ನು ಬಿಟ್ಟಿದ್ದೇನೆ.

ನಡುಮನೆಯ ಮೊಳೆಯ ಬಳಿ ನೂಲು ಸವೆದು ಹರಿದು ಎರಡು ತುದಿಗಳು ಜೋತಾಡುತ್ತಿದ್ದವು. ಒಳಗೆ ಅತ್ತೆಯ ಅಂಗೈ ನಿಂತ ನೀರಿನ ಹಾಗೆ ಸಮನಾಗಿತ್ತು. ಬಲಗೈಯಲ್ಲಿ ಸದ್ದು ಮಾಡದ ನೂಲಿನ ತುಂಡು. ನನ್ನನ್ನು ಕಣ್ಣಿನಿಂದಲೇ ಕೂರಿಸಿದರು. ಹೇಳಿದಂತೆ ಸುಮ್ಮನೆ ಕುಳಿತೆ. ಮೂರನೆಯ ಸರ ಮುಗಿಯಿತು, ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಯಲ್ಲಿಟ್ಟರು. ಆಮೇಲೆ ನನ್ನ ತೋಳು ಹಿಡಿದು ನಡುಮನೆಗೆ ಬಂದು ಹರಿದ ತುದಿಗಳನ್ನು ನೋಡಿದರು.

“ನೀ ಹಿಡಿ, ನಾ ಕಟ್ಟತೇನಿ,” ಅಂದರು.

ಎರಡು ತುದಿಗಳನ್ನೂ ಎಳೆದು ಕೂಡಿಸಿ ಹಿಡಿದೆ. ಗುಂಡಿ ಹಾಕಲು ಬಾರದ, ಬಸಿ ಹಿಡಿಯಲು ಬಾರದ ಆ ಬೆರಳುಗಳು ನೂಲನ್ನು ಮುಟ್ಟಿದ್ದೇ ತಡ ನಡುಕ ಬಿಟ್ಟವು. ನಾನು ನೋಡುವಷ್ಟರಲ್ಲಿ ಗಂಟು ಬಿದ್ದಿತ್ತು, ಸಾಸಿವೆಯಷ್ಟು ಸಣ್ಣದು. ಜಗ್ಗಿ ನೋಡಿದರು. ಯಾರೂ ಇಲ್ಲದ ಅಡುಗೆಮನೆಯಲ್ಲಿ ಮುಚ್ಚಳ ಟಣ್ ಎಂದಿತು. ಅವರು ಮೂಗು ಅರಳಿಸಿ ಆ ಕಡೆ ತಿರುಗಿದರು.

“ಓಡು,” ಅಂದರು. “ರೊಟ್ಟಿ ಸೀದು ಹೋಗಾಕತ್ತೈತಿ.”